ಮಗುಚದ ರಾಶಿ

ಚಾಪೆಯ ಮೇಲೆ ತೆಂಗಿನ ಗರಿಯ ನೆರಳು ಆಡುತ್ತಿದೆ, ಅದರ ಅಂಚಿನಲ್ಲಿ ಬೆಳಕಿನ ಒಂದು ತ್ರಿಕೋನ, ಕತ್ತರಿ ಹಾಕಿ ತೆಗೆದ ಹಾಗೆ — ನಿನ್ನೆ ಇರಲಿಲ್ಲ, ಅಥವಾ ನೋಡಬಾರದೆಂದೇ ತಲೆ ತಗ್ಗಿಸಿ ಕೋಕೋ ಕುಡಿದೆನೋ ಏನೋ. ಕೊಂಬಿನ ದುಂಬಿ. ಸುಳಿ ಮುಚ್ಚಿರುವಾಗಲೇ ಕೊರೆದು ಒಳಗಿಳಿಯುತ್ತದೆ, ಗರಿ ಬಿಚ್ಚಿಕೊಂಡ ಮೇಲೆ ಈ ತ್ರಿಕೋನ ನಮಗೆ ಕಾಣುತ್ತದೆ, ಅಷ್ಟರಲ್ಲಿ ದುಂಬಿ ಬೇರೆ ಮರದಲ್ಲಿ, ದೊಡ್ಡ ಮರವಾದರೆ ತಡೆದುಕೊಂಡೀತು, ಎಳೆ ಸಸಿ ಸತ್ತೇ ಹೋಗುತ್ತದೆ, ಗೋಡೆಯಾಚೆ ನೆರೆಮನೆಯ ಇಯಾಕೊಪೊನ ಸಸಿಗಳು, ಚಂಡಮಾರುತ ಅವನ ತೋಟ ಮಲಗಿಸಿದ ಮೇಲೆ ಒಂದೊಂದಾಗಿ ನೆಟ್ಟವು, ಮೊಮ್ಮಗಳು ಎಳನೀರು ಕುಡೀಲಿ ಅಕ್ಕ, ನಾನೆಲ್ಲಿರ್ತೀನಿ ಆಗ, ಎಂದಿದ್ದ — ಮತ್ತೆ ದುಂಬಿ ಮೊಟ್ಟೆಯಿಡುವುದು ಕೊಳೆತ ಮರದಲ್ಲಿ, ಕೊಳೆಯುವ ಗೊಬ್ಬರದಲ್ಲಿ, ದೇವರೇ, ಬಾಳೆಗಿಡಗಳ ಹಿಂದೆ ನನ್ನ ಸೊಂಟದೆತ್ತರದ ರಾಶಿ, ಮರದ ಪುಡಿ, ಹಂದಿ ಗೊಬ್ಬರ, ಒಣ ಎಲೆ, ಸುಡಬೇಡಿ ಕಣ್ರೇ, ಕೊಳೆಸಿ, ಅಂಗಡಿ ಗೊಬ್ಬರ ನಮ್ಮ ಕೆಸುವಿಗೆ ಬೇಡ, ಎಂದು ಮಹಿಳಾ ಸಮಿತಿಯಲ್ಲಿ ಹೇಳಿದವಳು ನಾನೇ. ಆಗಾಗ ಮಗುಚಿ, ಹುಳು ಕಂಡರೆ ಆರಿಸಿ, ಅದನ್ನೂ ಹೇಳಿದ್ದೆ, ಮಂಡಿ ಹಿಡಿದುಕೊಂಡ ಮೇಲೆ ನಾನೇ ಮಗುಚಿಲ್ಲ.

ಗುದ್ದಲಿ ಭಾರ. ಏನಕ್ಕ, ಬೆಳಗಾಗೆದ್ದು ಯಾರನ್ನ ಹೂಳೋಕೆ ಹೊರಟ್ರಿ, ಇಯಾಕೊಪೊ, ಕಲ್ಲುಗೋಡೆ ದಾಟಿ ಬರುತ್ತಾನೆ, ಕೈಯಲ್ಲಿ ಸುಟ್ಟ ಜೀಗುಜ್ಜೆ, ನನ್ನ ಹಲ್ಲು ನೆನಪಿಟ್ಟು ಮೆತ್ತಗಿನ ಭಾಗ ಮಾತ್ರ ತಂದಿದ್ದಾನೆ, ನಿನ್ನನ್ನೇ ಕಣೋ ಅನ್ನಬೇಕಿತ್ತು, ಅವನು ಗುದ್ದಲಿಗೆ ಕೈ ಹಾಕಿದ, ಕೊಡಿ ಇಲ್ಲಿ, ಮಂಡಿ ಮುರ್ಕೊಂಡ್ರೆ ಸಮಿತೀಲಿ ನಮ್ಮ ಹೆಂಗಸ್ರನ್ನ ಬೈಯೋರ್ಯಾರು — ಬೇಡ ಎನ್ನುವಷ್ಟರಲ್ಲಿ ಗುದ್ದಲಿ ಇಳಿಯಿತು, ಬಿಸಿ ಹಬೆ, ಹುಳಿ ವಾಸನೆ, ಆಮೇಲೆ ಬಿಳಿ, ಹೆಬ್ಬೆರಳ ಗಾತ್ರ, ಸುರುಳಿ ಸುತ್ತಿಕೊಂಡು ಮಲಗಿದ ಗೊಣ್ಣೆಹುಳು, ದುಂಬಿಯ ಮರಿ, ಅದರ ಕೆಳಗೆ ಇನ್ನೊಂದು, ರಾಶಿಯೇ ಉಸಿರಾಡುತ್ತಿರುವ ಹಾಗೆ. ಅವನು ತನ್ನ ಸಸಿಗಳ ಕಡೆ ನೋಡಲಿಲ್ಲ, ನನಗಾಗಿಯೇ ನೋಡಲಿಲ್ಲ, ನನಗೆ ಗೊತ್ತಾಯಿತು. ಬಾ ಬಾ ಎಂದು ಕೋಳಿಗಳನ್ನು ಕರೆದ, ಇವತ್ತು ಇವಕ್ಕೆ ಹಬ್ಬ ಬಿಡಿ, ಇನ್ಮೇಲೆ ನಾನೇ ಬಂದು ಮಗುಚ್ತೀನಿ. ಆಮೇಲೆ, ಬೆನ್ನು ಹಾಕಿಕೊಂಡೇ, ಮೆಲ್ಲಗೆ, ಅಕ್ಕ, ಸಮಿತಿಯವ್ರೆಲ್ಲ ಅವರವರ ರಾಶಿ ಮಗುಚ್ತಾರಾ.

ಮಗುಚುತ್ತಾರಾ, ಪಾದ್ರಿಯ ಹೆಂಡತಿ ತುಂಬು ಬಸುರಿ, ವಾವೋಸಾಗೆ ಬೆನ್ನುನೋವು, ಉಳಿದವರು, ಕೇಳಿಲ್ಲ, ಒಮ್ಮೆಯೂ ಕೇಳಿಲ್ಲ, ಯಾವ ಹಿತ್ತಿಲಲ್ಲೂ ಈಗ ಹೊಗೆಯಿಲ್ಲ ಎಂದು ಹೆಮ್ಮೆಪಟ್ಟೆ, ತಲೆ ಎತ್ತಬಾರದು, ಎತ್ತಿದೆ, ಸಮುದ್ರದಂಚಿನವರೆಗೂ ತೆಂಗು, ಗಾಳಿಗೆ ಗರಿಗಳು ತಿರುಗುತ್ತವೆ, ಮೊದಲನೆಯದರಲ್ಲಿ ಬೆಳಕಿನ ತ್ರಿಕೋನ, ಅದರಾಚೆಯದರಲ್ಲಿ ತ್ರಿಕೋನ, ಅದರಾಚೆ, ಕತ್ತರಿ ಹಾಕಿ ತೆಗೆದ ಹಾಗೆ, ತ್ರಿಕೋನ —