ದೀಪ ಹಚ್ಚಿದ ಮೇಲೆ ಹೇಳಬಾರದ ಹೆಸರು

ಒಂದಾನೊಂದು ಊರಿತ್ತಂತೆ. ಆ ಊರಿನಲ್ಲಿ ದೀಪ ಹಚ್ಚಿದ ಮೇಲೂ ಹುಲಿಯ ಹೆಸರು ಹೇಳುತ್ತಿದ್ದರಂತೆ, ಕಳ್ಳನ ಹೆಸರು ಹೇಳುತ್ತಿದ್ದರಂತೆ, ಮಕ್ಕಳು ಹಟ ಮಾಡಿದರೆ ದೆವ್ವವನ್ನೂ ಹೆಸರು ಹಿಡಿದು ಕರೆಯುತ್ತಿದ್ದರಂತೆ. ನನ್ನ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲವಂತೆ. ಹಾಗೆಂದು ನಾನೇನು ಏಳು ಕಡಲಾಚೆಯ ರಾಕ್ಷಸಿಯಲ್ಲ. ಉದ್ದ ನಿಮ್ಮ ನಡುಬೆರಳಿನಷ್ಟು. ಊದಿದರೆ ಉರುಳುತ್ತೇನೆ. ನಾನೊಂದು ಸೂಜಿ, ಕೌದಿ ಹೊಲಿಯುವ ಸೂಜಿ. ಈಗ ಹೊರಗೆ ಬಿಸಿಲಿದೆ, ಹೆಸರು ಹೇಳಿದೆನೆಂದು ಹೆದರಬೇಡಿ. ಈ ಕಥೆಯಲ್ಲಿ ಹೆದರುವ ಕೆಲಸವೆಲ್ಲ ನನ್ನದೇ.

ನಾನು ಹುಟ್ಟಿದ್ದೇ ಹೆದರಿಕೆಯಲ್ಲಿ. ಸುರುಳಿ ಸುತ್ತಿದ ತಂತಿಯಾಗಿ ಸುಖವಾಗಿ ಮಲಗಿದ್ದೆ. ಯಾರೋ ಎಳೆದು ನೆಟ್ಟಗೆ ಮಾಡಿದರು, ಕಚಕ್ಕನೆ ಕತ್ತರಿಸಿದರು, ಒಂದು ತುದಿಯನ್ನು ತಿರುಗುವ ಕಲ್ಲಿಗೆ ಹಿಡಿದು ಕಿಡಿ ಹಾರುವಂತೆ ಮಸೆದರು. ಇನ್ನೊಂದು ತುದಿಗೆ ತೂತು ಕೊರೆದರು. ಅದೇ ನನ್ನ ಕಣ್ಣು. ಕಣ್ಣು ಬಂದ ಮೇಲೆ ಮೊದಲು ಕಂಡದ್ದು ಬೆಂಕಿಯ ಕುಲುಮೆ. ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಮುಳುಗಿಸಿ, ಹನ್ನೊಂದು ಜನ ಅಕ್ಕತಂಗಿಯರ ಜೊತೆ ಕಪ್ಪು ಕಾಗದದಲ್ಲಿ ಸುತ್ತಿಬಿಟ್ಟರು. ಆ ಕತ್ತಲೆಯಲ್ಲಿ ನಮಗಿದ್ದದ್ದು ಒಂದೇ ಚಿಂತೆ: ನಾವು ಚುಚ್ಚಲೆಂದೇ ಹುಟ್ಟಿದವರು, ಯಾರಿಗೆ ಚುಚ್ಚುತ್ತೇವೋ ಏನೋ.

ನನ್ನನ್ನು ಹೊರತೆಗೆದವಳು ತುಳಜಾಬಾಯಿ. ಊರೂರು ತಿರುಗಿ, ಮಂದಿಯ ಹಳೆಯ ಸೀರೆ ಧೋತರಗಳನ್ನು ಕೂಡಿಸಿ ಕೌದಿ ಹೊಲಿದುಕೊಡುವ ಹೆಂಗಸು. ಕೆಲಸವಿಲ್ಲದಾಗ ನನ್ನನ್ನು ಕುಪ್ಪಸದ ಹೆಗಲಿಗೆ ಚುಚ್ಚಿಕೊಳ್ಳುತ್ತಿದ್ದಳು. ಅಲ್ಲಿಂದ ನಾನು ಎಷ್ಟೋ ಅಂಗಳಗಳನ್ನು ಕಂಡೆ. ಬೀಳುವೆನೆಂಬ ದಿಗಿಲಿನಲ್ಲೇ ಕಂಡೆ ಅನ್ನಿ. ಸೂಜಿ ಬಿದ್ದರೆ ಸದ್ದಾಗುವುದಿಲ್ಲ. ಕೊಡ ಬಿದ್ದರೆ ಊರೇ ಓಡಿಬರುತ್ತದೆ, ನಾನು ಬಿದ್ದರೆ ಯಾರದೋ ಹಿಮ್ಮಡಿಗೆ ಮಾತ್ರ ಗೊತ್ತಾಗುತ್ತದೆ.

ಹಾಗೆ ತಿರುಗುತ್ತ ಖಣ ಎಂಬ ಕುಪ್ಪಸದ ಬಟ್ಟೆ ನೇಯುವ ಒಂದು ಊರಿಗೆ ಬಂದೆವು. ಓಣಿ ತುಂಬ ಮಗ್ಗದ ಸದ್ದು. ಅಲ್ಲಿ ಸಿದ್ಲಿಂಗವ್ವನ ಮನೆಯ ಪಡಸಾಲೆಯಲ್ಲಿ ಎಂಟು ದಿನ ಕೂತು ತುಳಜಾಬಾಯಿ ಅವಳಿಗೆ ಹೊಲಿಗೆ ಕಲಿಸಿದಳು. ಹೊರಡುವ ದಿನ ನನ್ನನ್ನು ಹೆಗಲಿನಿಂದ ತೆಗೆದಳು.

“ಇದು ನಿನಗಿರಲಿ ಸಿದ್ಲಿಂಗವ್ವಾ. ನನ್ನ ಕೈ ಇನ್ನ ನಡಗಾಕ ಹತ್ತ್ಯಾವು.”

“ಕೊಡಾಂವ್ರು ನೆಲಕ್ಕಿಡಬೇ. ಕೈಯಿಂದ ಕೈಗೆ ಕೊಟ್ರ ನಿನಗೂ ನನಗೂ ಜಗಳ ಆಗ್ತೈತಿ.”

“ನಮಗ ಜಗಳಕ್ಕ ಸೂಜಿನ ಬೇಕೇನ? ನಿನ್ನೆ ಚಾದಾಗ ಸಕ್ರಿ ಕಡಿಮಿ ಆತಂತ ಆಡಲಿಲ್ಲೇನ?”

ಇಬ್ಬರೂ ನಕ್ಕರು. ತುಳಜಾಬಾಯಿ ನನ್ನನ್ನು ನೆಲಕ್ಕಿಟ್ಟಳು. ಆಮೇಲೆ ನಗು ನಿಲ್ಲಿಸಿ ಒಂದು ಮಾತು ಹೇಳಿದಳು: “ಹಿಡದ ಕೌದಿ ನಡುವ ಬಿಡಬ್ಯಾಡ. ಅದರ ಹೊಟ್ಟಿ ತುಂಬಿಸಿ, ಬಾಯಿ ಮುಚ್ಚಿ, ಆಮ್ಯಾಲೆ ಕೈ ಬಿಡು. ಹಸದ ಕೌದಿ ಮ್ಯಾಲೆ ಮಲಗಿದ ಕೂಸಿಗೆ ನಿದ್ದಿ ಹತ್ತಂಗಿಲ್ಲ.”

ಕೌದಿಗೂ ಹೊಟ್ಟೆಯಿದೆ. ನಾವು ಅಂಚಿನಿಂದ ಶುರು ಮಾಡಿ, ಗುಡಿಗೆ ಸುತ್ತು ಬಂದ ಹಾಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತೇವೆ. ಕೊನೆಗೆ ನಟ್ಟನಡುವೆ ನಾಲ್ಕು ಬೆರಳಗಲದ ಒಂದು ತೇಪೆ, ಒಂದು ಬದಿ ತೆರೆದುಕೊಂಡು ಕಿಸೆಯ ಹಾಗೆ ಉಳಿಯುತ್ತದೆ. ಅದೇ ಹೊಟ್ಟೆ, ಅದೇ ಬಾಯಿ. ಅದರೊಳಗೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಇಟ್ಟು ಹೊಲಿದುಬಿಟ್ಟರೆ ಕೌದಿ ಮುಗಿಯಿತು.

ಸಿದ್ಲಿಂಗವ್ವನ ಕೈಯಲ್ಲಿ ನಾನು ಬಹಳ ಕೌದಿ ಕಂಡೆ. ಅವಳ ಮಗ ಮುರಿಗೆಪ್ಪ ಉಚ್ಚೆ ಹೊಯ್ದ ಕೌದಿ, ಅವನ ಮದುವೆಯ ಕೌದಿ. ಅವನ ಹೆಂಡತಿ ಸುವರ್ಣಾ ಬಂದಳು, ಅವರಿಗೆ ಶಾಂಭವಿ ಹುಟ್ಟಿದಳು. ತೊಟ್ಟಿಲಿಗೆ ಹಾಕಿದ ದಿನ, ಓಣಿಯ ಹೆಂಗಸರೆಲ್ಲ ಕೂತಿದ್ದಾಗ ಸಿದ್ಲಿಂಗವ್ವ ಎದೆ ತಟ್ಟಿ ಹೇಳಿದಳು: “ಬರೋ ಯುಗಾದಿಗೆ ನನ್ನ ಮೊಮ್ಮಗಳು ನನ್ನ ಕೈ ಕೌದಿ ಮ್ಯಾಲೆ ಮಲಗ್ತಾಳ. ಖಣದ ಚೂರಿಂದನ ಹೊಲಿತೀನಿ, ನೋಡ್ರಿ.”

ಆ ಮಾತು ಕೇಳಿ ನಾನೊಬ್ಬಳು ನಡುಗಿದೆ. ಯಾಕೆಂದರೆ ಸಿದ್ಲಿಂಗವ್ವನ ಕಣ್ಣಿಗೆ ಪೊರೆ ಬರುತ್ತಿರುವುದು ನನಗೊಬ್ಬಳಿಗೇ ಗೊತ್ತಿತ್ತು. ಮೊದಲೆಲ್ಲ ದಾರವನ್ನು ತುಟಿಯಲ್ಲಿ ಒದ್ದೆ ಮಾಡಿ ಒಂದೇ ಏಟಿಗೆ ಪೋಣಿಸುತ್ತಿದ್ದವಳು ಈಗ ನನ್ನ ಕಣ್ಣು ಬಿಟ್ಟು ಪಕ್ಕದ ಗಾಳಿಗೆ ಪೋಣಿಸುತ್ತಿದ್ದಳು. “ಸುವರ್ಣಾ, ನಿನ್ನವು ಎಳೇ ಕಣ್ಣು, ಇದರಾಗ ದಾರ ಹಾಕಿ ಕೊಡವಾ” ಎಂದು ಬೆಳಿಗ್ಗೆಯೇ ಮಾರುದ್ದದ ದಾರ ಹಾಕಿಸಿಕೊಳ್ಳುವಳು. ನಡುವೆ ದಾರ ತೀರಿದರೆ, ಹುಣಸೆಹಣ್ಣು ಬಿಡಿಸುವುದಿದೆ ಎಂದು ಎದ್ದುಬಿಡುವಳು. ಹೊಲಿಗೆಯನ್ನು ಮಾತ್ರ ಬೆರಳೇ ನೋಡಿಕೊಳ್ಳುತ್ತಿತ್ತು. ಎಡಗೈ ಹೆಬ್ಬೆರಳು ಮುಂದೆ, ನಾನು ಹಿಂದೆ, ಕುರುಡರು ಕೈ ಹಿಡಿದು ಸಂತೆಗೆ ಹೋದ ಹಾಗೆ.

ಅವಳು ಯಾರಿಗಾದರೂ ಹೇಳಬಾರದಿತ್ತೇ ಅನ್ನುತ್ತೀರಿ. ಎದುರುಮನೆಯ ಗೌರಕ್ಕನಿಗೆ ಕಣ್ಣು ಮಂಜಾದ ದಿನದಿಂದ ಅವಳ ಸೊಸೆ ಕೂಸನ್ನು ತೊಡೆಗೆ ಕೊಡುವುದನ್ನೇ ಬಿಟ್ಟಿದ್ದಳು. ಸಿದ್ಲಿಂಗವ್ವ ಅದನ್ನು ದಿನವೂ ನೋಡುತ್ತಿದ್ದಳು, ಎಷ್ಟು ಕಾಣುತ್ತಿತ್ತೋ ಅಷ್ಟು.

ಹೋಳಿ ಹುಣ್ಣಿಮೆ ಕಳೆಯಿತು. ಬಾಗಿಲ ಚೌಕಟ್ಟಿಗೆ ಹತ್ತಿದ ಗುಲಾಬಿ ಬಣ್ಣ ಇನ್ನೂ ಹೋಗಿರಲಿಲ್ಲ. ಅಂಗಳದ ಬೇವು ಹೂ ಬಿಟ್ಟು ನೆಲಕ್ಕೆ ನುಚ್ಚು ಚೆಲ್ಲಿದ ಹಾಗಿತ್ತು. ಮಾಳಿಗೆಯ ಮೇಲೆ ಶಾವಿಗೆ ಒಣಗುತ್ತಿತ್ತು. ಯುಗಾದಿಗೆ ಐದು ದಿನ ಇದ್ದಾಗ ನಾವು ಕೌದಿಯ ಹೊಟ್ಟೆ ಮುಟ್ಟಿದೆವು. ಅಲ್ಲಿಗೆ ದಾರ ತೀರಿತು, ಬಿಸಿಲೂ ತೀರಿತು. ಸುವರ್ಣಾ ಮಾಳಿಗೆಯಲ್ಲಿ ಶಾವಿಗೆ ತುಂಬುತ್ತಿದ್ದಳು. ನಾಳೆ ಪೋಣಿಸಿದರಾಯಿತೆಂದು ಸಿದ್ಲಿಂಗವ್ವ ಬರಿದಾದ ನನ್ನನ್ನು ನಡುವಿನ ತೇಪೆಗೆ ಚುಚ್ಚಿ, ಬಚ್ಚಲಿಗೆ ಹೋದಳು.

ದಾರವಿಲ್ಲದ ಸೂಜಿಯನ್ನು ಎಲ್ಲಿಯೂ ಚುಚ್ಚಿಡಬಾರದು. ಬಾಲವಿದ್ದರೆ ಎಳೆದು ಹಿಡಿಯಬಹುದು. ಬಾಲವಿಲ್ಲದ ನಾನು ಯಾರ ಕೈಗೂ ಸಿಗುವವಳಲ್ಲ.

ಅಷ್ಟರಲ್ಲಿ ಸುವರ್ಣಾ ಕೆಳಗೆ ಬಂದಳು. ಕೌದಿಯನ್ನು ಸರಸರ ಮಡಚಿ ಗೋಡೆಗಿಟ್ಟಳು. ಆ ಮಡಿಕೆಯಲ್ಲಿ ನಾನು ಜಾರಿ ತೆರೆದ ಬಾಯಿಯ ಒಳಗೆ ಬಿದ್ದೆ. ಮೇಲೊಂದು ಪದರ, ಕೆಳಗೊಂದು ಪದರ, ನಡುವೆ ಕತ್ತಲೆ. ಮತ್ತೆ ಕಪ್ಪು ಕಾಗದದ ಕಾಲ ಬಂದ ಹಾಗಾಯಿತು. ಅವಳು ದೇವರ ಮುಂದೆ ದೀಪ ಹಚ್ಚಿದಳು.

ಸಿದ್ಲಿಂಗವ್ವ ಬಂದು ಮಡಚಿದ ಕೌದಿಯ ತೇಪೆಯನ್ನು ಮೇಲೆ ಮೇಲೆ ಸವರಿದಳು, ನಾನು ಸಿಗದಿದ್ದಾಗ ಕೂತಲ್ಲಿ ನೆಲ ತಡವಿದ್ದು ನನಗೆ ಕೇಳಿಸಿತು. ಬಳೆಗಳು ಹಾಸುಗಲ್ಲಿಗೆ ತಾಗಿ ಕಿಣಿಕಿಣಿ ಅನ್ನುತ್ತಿದ್ದವು.

“ಏನ ಹುಡಕಾಕತ್ತೀರಿ ಅತ್ತೀ?”

“ಏನಿಲ್ಲವಾ. ಬೆನ್ನ ಹಿಡಕೊಂಡಿತ್ತು, ಬಗ್ಗಿ ನೋಡಿದ್ನಿ.”

ಅವಳು ಹೇಗೆ ಹೇಳಿಯಾಳು? ದೀಪ ಹಚ್ಚಿದ ಮೇಲೆ ನನ್ನ ಹೆಸರೆತ್ತಿದರೆ ಮನೆಯ ಕೂಸಿಗೆ ಕೇಡೆಂದು ಅವಳ ಅತ್ತೆ ಹೇಳಿದ್ದಳು. ಅವಳ ನಾದಿನಿ ಒಂದು ಸಂಜೆ ಮರೆತು ಹೇಳಿದ್ದಳಂತೆ, ತಿಂಗಳೊಳಗೆ ಆ ನಾದಿನಿಯ ತೊಟ್ಟಿಲು ಬರಿದಾಗಿತ್ತಂತೆ. ಸಿದ್ಲಿಂಗವ್ವ ಆ ಬರಿದಾದ ತೊಟ್ಟಿಲನ್ನು ಕಣ್ಣಾರೆ ಕಂಡವಳು. ಹೇಳಿದರೆ ಕೂಸಿಗೆ ಕೇಡು. ಹೇಳದಿದ್ದರೆ ನೆಲದಲ್ಲೆಲ್ಲೋ ನಾನು.

“ಶಾಂಭೂ, ನಿನ್ನ ಹೊಸಾ ಕೌದಿ ಮ್ಯಾಲೆ ಆಡ್ತೀ? ಆಯೀ ಮುಂದ ಆಡ. ನಾ ಅನ್ನಕ್ಕಿಟ್ಟ ಬರ್ತೀನಿ.” ಸುವರ್ಣಾ ಕೌದಿ ಬಿಚ್ಚಿ ಹಾಸಿ, ಅಜ್ಜಿಯ ಮುಂದೆ ಅಂಚಿನ ಮೇಲೆ ಕೂಸನ್ನು ಬಿಟ್ಟು ಒಳಗೆ ಹೋದಳು.

ಕೌದಿ ಬಿಚ್ಚಿದ ಎಳೆತಕ್ಕೆ ನಾನು ಓರೆಯಾಗಿ ಎದ್ದು ನಿಂತಿದ್ದೆ. ನನ್ನ ಮೊನೆ ತೇಪೆಯನ್ನು ದಾಟಿ ಒಂದು ಅಕ್ಕಿಕಾಳಿನಷ್ಟು ಮೇಲೆ ಬಂದಿತ್ತು. ಕೂಸು ಅಂಬೆಗಾಲಿಟ್ಟಿತು. ಧಪ್ ಧಪ್ ಎಂದು ಅಂಗೈ ಬೀಳುವ ಸದ್ದು. ಶಾಂಭವಿಗೆ ನಡುವಿನ ಜರಿಯ ತೇಪೆಯೇ ಬೇಕಿತ್ತು. ಹುಟ್ಟಿದಾಗಿನಿಂದ ನಾನು ಹೆದರಿದ್ದೆಲ್ಲ ಈ ಒಂದು ಗಳಿಗೆಗೆ ಎಂದು ಆಗ ತಿಳಿಯಿತು. ಮಲಗಬೇಕೆಂದು ಎಷ್ಟು ಬಯಸಿದೆ! ಆದರೆ ಸೂಜಿಗೆ ತಾನಾಗಿ ಒಂದು ಎಳೆಯಷ್ಟೂ ಸರಿಯಲು ಬರುವುದಿಲ್ಲ. ನಮ್ಮನ್ನು ನಡೆಸುವ ಕೈ ಬೇಕು. ಧಪ್. ಬಟ್ಟೆ ಜಗ್ಗಿತು. ಧಪ್. ಜೊಲ್ಲಿನ ಒಂದು ಹನಿ ನನ್ನ ಮೊನೆಯ ಪಕ್ಕದಲ್ಲೇ ಬಿತ್ತು.

“ಸೂ...” ಎಂದಿತು ಸಿದ್ಲಿಂಗವ್ವನ ಗಂಟಲು. ಅಲ್ಲೇ ನಿಂತಿತು. ನಂತರ ಮನೆ ನಡುಗುವ ಹಾಗೆ ಅವಳು ಕೂಗಿದಳು: “ಸೂಜಿ! ಸುವರ್ಣಾ, ಕೂಸಿನ ಎತ್ತ! ಸೂಜಿ ಐತಿ! ಎಲ್ಲೈತೋ ನನಗ ಕಾಣಂಗಿಲ್ಲ!”

ಸುವರ್ಣಾ ಓಡಿಬಂದು ಕೂಸನ್ನು ಬಾಚಿಕೊಂಡಳು. ಪಕ್ಕದ ಕೋಣೆಯಲ್ಲಿ ಮಗ್ಗ ನಿಂತಿತು. ಶಾಂಭವಿ ಜರಿ ಸಿಗಲಿಲ್ಲವೆಂದು ಅಳುತ್ತಿತ್ತು. ಮೈಯೆಲ್ಲ ತಡವಿ, ಎಲ್ಲೂ ಒಂದು ಗೀರೂ ಇಲ್ಲವೆಂದು ಖಾತ್ರಿಯಾದ ಮೇಲೆ ಸುವರ್ಣಾಳಿಗೂ ಅಳು ಬಂತು.

“ಕಾಣಂಗಿಲ್ಲಂದ್ರ? ಎಂದಿನಿಂದರೀ?”

“ದಸರಾದಿಂದ.”

“ಹೇಳಿದ್ರ ಏನಾಗತಿತ್ತರೀ ಅತ್ತೀ?”

“ಕೂಸಿನ ಕೊಡತಿದ್ದಿಲ್ಲ ನೀ.”

ಸುವರ್ಣಾ ಕಣ್ಣೊರೆಸಿಕೊಂಡು ಕೂಸನ್ನು ಹೆಗಲಿಗೆ ಹಾಕಿಕೊಂಡಳು. ಅತ್ತೆಗೆ ಕೊಡಲಿಲ್ಲ.

ಕೌದಿ ಕೊಡವಿದರು. ಕೂಸನ್ನು ಬಾಚಿಕೊಂಡ ಎಳೆತಕ್ಕೆ ನನ್ನ ಮೊನೆ ಮತ್ತೆ ಒಳಗೆ ಸರಿದು ಒಳಪದರಕ್ಕೆ ಸಿಕ್ಕಿಕೊಂಡಿದ್ದರಿಂದ ನಾನು ಬೀಳಲಿಲ್ಲ. ಅಂದರೆ ನೆಲದಲ್ಲಿದೆ ಎಂದು ಎಲ್ಲರೂ ನಂಬಿದರು. ಆಮೇಲೆ ಮೂರು ದಿನ ಆ ಮನೆಯಲ್ಲಿ ಯಾರೂ ನೆಟ್ಟಗೆ ಹೆಜ್ಜೆ ಇಡಲಿಲ್ಲ. ಮುರಿಗೆಪ್ಪ ಹಳೆಯ ರೇಡಿಯೋದ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆಲ್ಲ ಎಳೆದಾಡಿದ. ಎರಡು ಮೊಳೆ, ಒಂದು ಹೇರ್‌ಪಿನ್ನು, ಮದುವೆಯಲ್ಲಿ ಕಳೆದಿದ್ದ ಕೀಲಿಕೈ ಬಂದವು.

“ನೋಡಬೇ ಯವ್ವಾ, ನಿನ್ನ ಸೂಜಿ ಬಿಟ್ಟು ಊರಿಂದೆಲ್ಲಾ ಬಂತು” ಎಂದ ಮುರಿಗೆಪ್ಪ. ತಾಯಿ ನಗಲಿಲ್ಲ. ಅವಳು ದಿನಕ್ಕೆ ಹತ್ತು ಸಲ ಕೇಳುವುದು ಒಂದೇ: “ಕೂಸಿನ ಮೈ ಬೆಚ್ಚಗಿಲ್ಲಲಾ?” ಹೆಸರು ಹೇಳಿದ್ದೇನಲ್ಲ ಎಂಬ ಅಂಜಿಕೆ ಅವಳನ್ನು ತಿನ್ನುತ್ತಿತ್ತು. ತೊಟ್ಟಿಲಿನ ಹತ್ತಿರವೂ ಹೋಗದೆ ದೂರ ಕೂತು ಉಸಿರು ಕೇಳುತ್ತಿದ್ದಳು.

ನಾಲ್ಕನೆಯ ದಿನ ಬೆಳಿಗ್ಗೆ ಅವಳಿಗೇ ಹೊಳೆಯಿತು. “ಅದರ ಬಾಯಿ ತೆರದೈತಲ್ಲ ಸುವರ್ಣಾ. ಹಸದ ಹೊಟ್ಟಿ, ನುಂಗಿರಬೇಕು.” ಕೌದಿಯನ್ನು ಮೊಣಕಾಲ ಮೇಲೆ ಎಳೆದುಕೊಂಡು, ಬರಿಯ ಅಂಗೈಯನ್ನು ಒತ್ತಿ ಒತ್ತಿ ಸಾಲಿನ ಮೇಲೆ ಸಾಲು ಉಜ್ಜುತ್ತ ಬಂದಳು. “ಬ್ಯಾಡ್ರಿ, ಚುಚ್ಚತೈತಿ” ಎಂದಳು ಸುವರ್ಣಾ. “ಚುಚ್ಚಲಿ ಯವ್ವಾ. ನನಗ ಚುಚ್ಚಿದ್ರ ಸಿಕ್ಕಂಗ.”

ಚುಚ್ಚಿದೆ. ನನಗೆ ಬೇರೆ ದಾರಿಯಿರಲಿಲ್ಲ. ಎಳೆಗಣ್ಣು ಮೂರು ದಿನ ಹುಡುಕಿದ್ದನ್ನು ಆ ಅಂಗೈ ಅರೆಗಳಿಗೆಯಲ್ಲಿ ಹುಡುಕಿತು. ರಕ್ತದ ಬೊಟ್ಟು ಹೊತ್ತ ಕೈಯನ್ನು ಮೇಲೆತ್ತಿ ಅವಳು ಮಗುವಿನ ಹಾಗೆ ನಕ್ಕಳು. ಮರುಕ್ಷಣ ನನ್ನನ್ನು ನೆಲಕ್ಕಿಟ್ಟು ದೂರ ಸರಿದಳು. “ತಗೋವಾ. ಇನ್ನ ನೀನ ಮುಗಸ. ನಾ ಮುಟ್ಟಂಗಿಲ್ಲ.”

ಸುವರ್ಣಾ ನನ್ನನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿದಳು. ಹೊಲಿಯಲಿಲ್ಲ. ಕೌದಿ ಬಾಯಿ ತೆರೆದೇ ಇತ್ತು. ನನಗೆ ಹೊಸ ಹೆದರಿಕೆ ಶುರುವಾಯಿತು. ಹೀಗೇ ತುಕ್ಕು ಹಿಡಿಯುವೆನೇ? ತುಳಜಾಬಾಯಿಯ ಮಾತು ನಡುವೆಯೇ ನಿಂತಿತೇ?

ಯುಗಾದಿ ಬಂತು. ಬೇವು ಬೆಲ್ಲ, ಹೋಳಿಗೆ ಎಲ್ಲ ಆಯಿತು. ಹಬ್ಬ ಮುಗಿದೊಡನೆ ಕಣ್ಣಿನ ಆಪರೇಷನ್ನಿಗೆ ಕರೆದೊಯ್ಯುತ್ತೇನೆಂದು ಮುರಿಗೆಪ್ಪ ಹೇಳಿದ. ಸಿದ್ಲಿಂಗವ್ವ ಹೂಂ ಎಂದಳು. ಹೊತ್ತು ಇಳಿಯತೊಡಗಿದಾಗ ಸುವರ್ಣಾ ನನ್ನನ್ನು ಕ್ಯಾಲೆಂಡರಿನಿಂದ ಕಿತ್ತು, ಮಾರುದ್ದದ ಕೆಂಪು ದಾರ ಪೋಣಿಸಿ, ಅತ್ತೆಯ ಮುಂದೆ ನೆಲಕ್ಕಿಟ್ಟಳು. ಪಕ್ಕದಲ್ಲಿ ಕೌದಿ ಹರಡಿದಳು. ಆಮೇಲೆ ಶಾಂಭವಿಯನ್ನು ಎತ್ತಿ ತಂದು ಅತ್ತೆಯ ತೊಡೆಯ ಮೇಲೆ ಕೂಡಿಸಿದಳು.

ಸಿದ್ಲಿಂಗವ್ವನ ಕೈ ಗಾಳಿಯಲ್ಲೇ ನಿಂತಿತು. “ಹೊತ್ತ ಮುಳಗಾಕ ಬಂತವಾ. ದೀಪ ಹಚ್ಚೋ ಹೊತ್ತು.”

“ನೀವು ಮುಗಸೋತನಕ ನಾ ದೀಪ ಹಚ್ಚಂಗಿಲ್ಲರಿ. ಲಗೂ ಮಾಡ್ರಿ ಮತ್ತ, ದೇವರು ಕತ್ತಲಾಗ ಕುಂತಾನ.”

ಹೋಳಿಗೆಯ ಚೂರನ್ನು ಕೌದಿಯ ಹೊಟ್ಟೆಗಿಟ್ಟರು. ಶಾಂಭವಿ ಅದನ್ನು ತೆಗೆದು ತಿಂದಿತು. ಇನ್ನೊಂದು ಇಟ್ಟರು, ಅದಕ್ಕೂ ಕೈ ಹಾಕಿತು. ಮೂರನೆಯದನ್ನಿಟ್ಟು ಸುವರ್ಣಾ ಆ ಪುಟ್ಟ ಕೈಗಳನ್ನು ತನ್ನ ಮುಷ್ಟಿಯೊಳಗೆ ಹಿಡಿದುಕೊಂಡಳು. ಹೆಬ್ಬೆರಳು ಮುಂದೆ ನಡೆಯಿತು, ನಾನು ಹಿಂದೆ. ನಾನೀಗ ಮುದುಕಿ. ಮೈ ತುಸು ಬಾಗಿದೆ, ಕಣ್ಣು ಸವೆದಿದೆ. ಕೂಸಿನ ಬೆರಳಿನಿಂದ ಗೇಣಿನಷ್ಟು ದೂರದಲ್ಲಿದ್ದೆ, ಎಂದಿನ ಹಾಗೆ ಹೆದರಿದ್ದೆ. ಆದರೆ ಹೆದರುತ್ತಲೇ ಹೆಜ್ಜೆ ಇಡಬಹುದು, ಹಿಡಿದ ಕೈಯೂ ಹೆದರಿಯೇ ಇತ್ತು. ನಾಲ್ಕು ಬೆರಳಗಲದ ದಾರಿ. ಹೊರಗೆ ಬೇವಿನ ಮೇಲಿನ ಬಿಸಿಲು ಬೆಲ್ಲದ ಬಣ್ಣಕ್ಕೆ ಬಂದು, ಆರಿ, ಬೂದಿಯಾಯಿತು. ಕೊನೆಯ ಹೊಲಿಗೆ ಬಾಯಿಯ ಎರಡು ಅಂಚನ್ನೂ ಕೂಡಿಸಿತು. ಸಿದ್ಲಿಂಗವ್ವ ಗಂಟು ಹಾಕಿದಳು, ಬಾಗಿ ಹಲ್ಲಿನಿಂದ ದಾರ ಕಡಿದಳು. ನನ್ನ ಬಾಲದಲ್ಲಿ ಇನ್ನೂ ಮೊಳದುದ್ದ ಕೆಂಪು ದಾರ ಉಳಿದಿತ್ತು. ನನ್ನನ್ನು ತನ್ನ ಕುಪ್ಪಸದ ಹೆಗಲಿಗೆ ಚುಚ್ಚಿಕೊಂಡಳು, ದಾರ ಎದೆಯ ಮೇಲೆ ಇಳಿಬಿದ್ದಿತು.

“ಆತು,” ಎಂದಳು. “ಇನ್ನ ದೀಪ ಹಚ್ಚವಾ.”