ಶವವಿಲ್ಲದ ಫಾತಿಹಾ

ಕರ್ನಲ್ ನಮ್ಮ ಮನೆಗೆ ಬಂದದ್ದು ಭಾನುವಾರ ನಡುಮಧ್ಯಾಹ್ನ. ಅವನ ಹಿಂದೆ ಇಬ್ಬರು ಸಿಪಾಯಿಗಳು. ಒಬ್ಬನ ಹೆಗಲ ಮೇಲೆ ಸಕ್ಕರೆ ಮೂಟೆ.

ನಮ್ಮ ಊರು ಒಮ್ದುರ್ಮಾನಿನಲ್ಲಿ ಹಾಗೆ ಸಕ್ಕರೆ ಹೊತ್ತು ಬರುವುದು ಸಾವಿನ ಮನೆಗೆ. ನಮ್ಮಲ್ಲಿ ಯಾರ ಹೆಣವೂ ಬಂದಿರಲಿಲ್ಲ. ಧರಣಿ ಕೂತಿದ್ದ ನನ್ನ ಅಣ್ಣ ಹಾತಿಮ್‌ನನ್ನು ಸಿಪಾಯಿಗಳು ಲಾರಿಗೆ ಎಳೆದುಹಾಕಿ ಒಂದೂವರೆ ವರ್ಷವಾಗಿತ್ತು. ಕ್ರಾಂತಿ ಗೆದ್ದಿತ್ತು, ಹಳೆಯ ಅಧ್ಯಕ್ಷ ಜೈಲು ಸೇರಿದ್ದ. ಆ ಲಾರಿ ಕಳಿಸಿದ ಈ ಕರ್ನಲ್‌ನಂಥವರು ಮಾತ್ರ ಬಡ್ತಿ ಪಡೆದು ಓಡಾಡುತ್ತಿದ್ದರು. ಕಾಣೆಯಾದವರ ತಾಯಂದಿರು ಪ್ರತಿ ಸೋಮವಾರ ಸರಕಾರಿ ವಕೀಲರ ಕಚೇರಿಯ ಮುಂದೆ ಫೋಟೊ ಹಿಡಿದು ನಿಲ್ಲುತ್ತಿದ್ದರು. ಅಮ್ಮ ಮುಂದಿನ ಸಾಲಿನಲ್ಲಿ, ನಾನು ಎಲ್ಲರ ಹಿಂದೆ. ಅವರನ್ನೆಲ್ಲ ಒಟ್ಟುಗೂಡಿಸಿದ್ದ ಇಖ್ಲಾಸಕ್ಕನ ಮುಂಗೈಯನ್ನು ಹಿಂದಿನ ಸೋಮವಾರ ಪೊಲೀಸರು ಮುರಿದಿದ್ದರು. ಅವಳು ಪಟ್ಟಿ ಕಟ್ಟಿಕೊಂಡು ನಮ್ಮ ಅಂಗಳದ ಮಂಚದಲ್ಲೇ ಇದ್ದಳು.

"ಸಕ್ಕರೆ ಯಾಕಪ್ಪಾ? ಹೆಣ್ಣು ಕೇಳಕ್ಕೆ ಬಂದ್ಯಾ?" ಎಂದಳು ಇಖ್ಲಾಸಕ್ಕ. "ಕೊಡಲ್ಲ ಹೋಗು, ನಿಂಗೆ ವಯಸ್ಸಾಗಿದೆ."

ಕರ್ನಲ್ ಅವಳತ್ತ ತಿರುಗಲಿಲ್ಲ. ಅಂಗಳದ ನಡುವೆ ನಿಂತು, ಎರಡೂ ಅಂಗೈ ಎದೆಮಟ್ಟಕ್ಕೆ ಎತ್ತಿ, "ಫಾತಿಹಾ" ಎಂದ.

ಸಂತಾಪಕ್ಕೆ ಬಂದವರು ಸತ್ತವರಿಗಾಗಿ ಫಾತಿಹಾ ಪ್ರಾರ್ಥನೆ ಓದಲು ಅಂಗೈ ಎತ್ತಿದರೆ ಮನೆಯವರೂ ಎತ್ತಬೇಕು. ಎತ್ತಿದರೆ ಸಾವನ್ನು ಒಪ್ಪಿಕೊಂಡಂತೆ. ಚಿಕ್ಕಂದಿನಿಂದ ಎಷ್ಟು ಮನೆಗಳಲ್ಲಿ ಎತ್ತಿದ್ದೆನೋ! ನನ್ನ ಕೈ ತಾನಾಗಿ ಮೇಲೆದ್ದಿತು. ಇನ್ನೊಬ್ಬ ಸಿಪಾಯಿ ಮೊಬೈಲಿನಲ್ಲಿ ಫೋಟೊ ಹೊಡೆದ.

ಅಮ್ಮ ನನ್ನ ಕೈಗೆ ಬಾರಿಸಿದ ಏಟು ಬೀದಿಗೂ ಕೇಳಿಸಿರಬೇಕು.

"ಇಳಿಸೇ ಕೈನ! ನಿಮ್ಮಣ್ಣನ್ನ ನೀನೇ ಹೂಳ್ತೀಯಾ?"

"ನಿಮ್ಮ ಮನೆಯೋರು ಫಾತಿಹಾ ಒಪ್ಕೊಂಡ್ರು, ತಾಯೀ," ಎಂದ ಕರ್ನಲ್. "ಇನ್ನು ಫೈಲು ಮುಚ್ಬಿಡ್ತಾರೆ. ನೀವೂ ಬಿಸಿಲಲ್ಲಿ ನಿಲ್ಲೋದು ತಪ್ಪುತ್ತೆ."

"ಮೂಟೆ ತಗೊಂಡು ಹೋಗೋ. ನಿನ್ನ ಮನೇಲಿ ಬೇಕಾಗುತ್ತೆ," ಎಂದಳು ಅಮ್ಮ.

ಅವರು ಹೋದ ಮೇಲೆ ಅಮ್ಮ ನನ್ನ ಮುಖ ನೋಡಲಿಲ್ಲ.

"ಅವಳ್ನ ಬೈಬೇಡ ಬತೂಲಕ್ಕಾ," ಎಂದು ಅಮ್ಮನಿಗೆ ಹೇಳಿದಳು ಇಖ್ಲಾಸಕ್ಕ. "ಯಾರಾದ್ರೂ ಒಬ್ರು ಕೈ ಎತ್ತೇ ಎತ್ತುತ್ತಾರೆ ಅಂತ ಗೊತ್ತಿದ್ದೇ ಬಂದಿದ್ದ, ಬೇವರ್ಸಿ."

ಅಣ್ಣನನ್ನು ಕದ್ದವರು ಈಗ ಅಮ್ಮ ಕಲಿಸಿದ ಮರ್ಯಾದೆಯನ್ನೂ ಕದ್ದಿದ್ದರು.

ಮರುದಿನ ಕಚೇರಿಯ ಗುಮಾಸ್ತ ಕಿಟಕಿಯಾಚೆಯಿಂದ ಅದೇ ಫೋಟೊ ತೋರಿಸಿದ.

"ಇದು ನಿಮ್ಮ ಹುಡುಗಿ ತಾನೇ? ಮುಗೀತಲ್ಲ, ಹೊರಡಿ."

ನಾನು ಹೆಂಗಸರನ್ನು ಸರಿಸಿಕೊಂಡು ಕಿಟಕಿಗೆ ಹೋದೆ. ಮಂದಿಯೆದುರು ನಾನು ಎಂದೂ ಬಾಯಿ ಬಿಟ್ಟವಳಲ್ಲ.

"ನಾನೇ. ಪಕ್ಕದಲ್ಲಿ ಕೈ ಎತ್ತಿರೋನು ಯಾರು?"

"ಕರ್ನಲ್ ಸಾಹೇಬ್ರು."

"ನನಗೆ ನಮ್ಮಣ್ಣ ಸತ್ತಿದ್ದಾನೋ ಇದ್ದಾನೋ ಗೊತ್ತಿಲ್ಲ. ಸತ್ತಿದ್ದಾನೆ ಅಂತ ಅವನಿಗೆ ಹೆಂಗೆ ಗೊತ್ತಾಯ್ತು? ಯಾರು ಕೊಂದ್ರು, ಎಲ್ಲಿ ಹೂತ್ರು? ಅವನನ್ನ ಸಾಕ್ಷಿಗೆ ಕರೀರಿ. ಬರ್ಕೊಳ್ಳಿ."

ಅಮ್ಮನ ಉಸಿರು ನನ್ನ ಹಿಂದೆಯೇ ಕೇಳುತ್ತಿತ್ತು. 'ಸತ್ತಿದ್ದಾನೆ' ಎಂಬ ಮಾತು ಮೊದಲ ಸಲ ನನ್ನ ಬಾಯಿಂದ ಬಂದಿತ್ತು.

ಗುಮಾಸ್ತ ಫೋಟೊವನ್ನು ಮಗುಚಿಟ್ಟ. "ಮನೆಗೆ ಹೋಗಮ್ಮಾ."

ಅಮ್ಮ ಕಂಬಿಯೊಳಗೆ ಕೈ ತೂರಿಸಿ ಅದನ್ನು ಮತ್ತೆ ಮೇಲ್ಮುಖ ಮಾಡಿದಳು.

"ನನ್ನ ಮಗಳು ಹೇಳಿದ್ದು ಕೇಳಿಸ್ಲಿಲ್ವೇನೋ? ಬರ್ಕೋ."