ವಿಠಲನ ಪಕ್ಕದ ಸೀಟು

ಎಲ್ಲೂರಿನ ಸ್ವರ್ಣಲತಾ ಬೆಳಿಗ್ಗೆ ಎದ್ದು ಮೊದಲು ಮಾಡುವ ಕೆಲಸ ಎಂತ ಗೊತ್ತುಂಟಾ? ದೇವರಿಗೆ ದೀಪ ಇಡುವುದಲ್ಲ, ತಮ್ಮನ ಬಾಯಿ ಮೂಸುವುದು. ನಗಬೇಡಿ ಮಾರಾಯ್ರೆ. ಐವತ್ತು ದಾಟಿದ ಹೆಂಗಸು, ಚಹಾ ಕೊಡುವ ನೆಪದಲ್ಲಿ ಹತ್ತಿರ ಬಗ್ಗಿ ತಮ್ಮ ವಿಠಲನ ಉಸಿರು ನೋಡುತ್ತಾಳೆ. ವಾಸನೆ ಕಡಿಮೆ ಇದ್ದರೆ ಬರೀ ಲವಂಗ. ಜೋರಾಗಿದ್ದರೆ ತಲೆಗೆ ತಣ್ಣೀರು, ಶುಂಠಿ ಜಜ್ಜಿ ಹಾಕಿದ ಮಜ್ಜಿಗೆ, ಆಮೇಲೆ ಲವಂಗ. ಅದೆಲ್ಲ ಮುಗಿದ ಮೇಲೆ ಸೀರೆ ಸುತ್ತಿಕೊಂಡು ಅವನ ಶಾಲಾ ವ್ಯಾನಿನಲ್ಲಿ ಅವನ ಪಕ್ಕದ ಸೀಟಿನಲ್ಲಿ ಕೂರುತ್ತಾಳೆ. ಎಲ್ಲೂರು, ಕಾಪು ಸುತ್ತಿ ಕಟಪಾಡಿಯ ಶಾಲೆಗೆ ಮಕ್ಕಳನ್ನು ಮುಟ್ಟಿಸುವ ತನಕ ಅವಳ ಕಣ್ಣು ರಸ್ತೆಯ ಮೇಲೆ, ಕೈ ಹ್ಯಾಂಡ್‌ಬ್ರೇಕಿನ ಹತ್ತಿರ. ಅದನ್ನು ಎಳೆಯುವುದು ಹೇಗೆಂದು ಅವಳೇ ಕೇಳಿ ಕಲಿತದ್ದು.

ವಿಠಲ ತೂರಾಡಿದರೆ "ಅವನಿಗೆ ಶುಗರ್ ಇಳಿದದ್ದು" ಅನ್ನುತ್ತಾಳೆ. ಆ ಸುಳ್ಳು ಎಷ್ಟು ಚೆನ್ನಾಗಿ ಓಡಿತೆಂದರೆ, ಪಾಪ ವಿಠಲಣ್ಣ ಎಂದು ಮಕ್ಕಳ ತಾಯಂದಿರು ಅವನಿಗೆ ಚಾಕಲೇಟು ಕೊಡುತ್ತಾರೆ. ತಿನ್ನುತ್ತಾನೆ, ನಾಚಿಕೆ ಇಲ್ಲದವ.

ಒಂದು ಶುಕ್ರವಾರ ಕಾಪುವಿನ ಹತ್ತಿರ ಹೈವೇಯಲ್ಲಿ ಅವ ಡಿವೈಡರಿನ ಸಂದಿಯಿಂದ ಸೀದಾ ಎದುರಿನ ದಾರಿಗೆ ನುಗ್ಗಿಸಿಬಿಟ್ಟ. ಮೀನಿನ ಲಾರಿಯೊಂದು ಹಾರ್ನ್ ಒತ್ತಿಕೊಂಡೇ ಬರುತ್ತಿತ್ತು. ಸ್ವರ್ಣಲತಾ ಎರಡೂ ಕೈಯಿಂದ ಬ್ರೇಕ್ ಎಳೆದಳು. ವ್ಯಾನು ಅಡ್ಡ ತಿರುಗಿ ನಿಂತಿತು, ಲಾರಿ ಕನ್ನಡಿ ಸವರಿಕೊಂಡು ಹೋಯಿತು. ಹಿಂದೆ ಮಕ್ಕಳು ಚಪ್ಪಾಳೆ ಹೊಡೆದು "ಇನ್ನೊಮ್ಮೆ, ವಿಠಲ ಮಾಮ!" ಎಂದವು. ಆದರೂ ಸೋಮವಾರ ಮತ್ತೆ ಹೋಗಿ ಕೂತಳು. ಅವಳ ಲೆಕ್ಕದಲ್ಲಿ, ತಾನು ಪಕ್ಕದಲ್ಲಿ ಇದ್ದುದರಿಂದಲೇ ಮಕ್ಕಳು ಉಳಿದದ್ದು.

ಮಗಳು ಆಶ್ರಿತಾ ಮಣಿಪಾಲದ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ, ವಾರಕ್ಕೊಮ್ಮೆ ಮನೆಗೆ ಬರುತ್ತಾಳೆ. ಹೈವೇಯ ಸುದ್ದಿ ಅವಳಿಗೆ ಗೊತ್ತಿಲ್ಲ. ಮಾವ ವ್ಯಾನು ಮುಟ್ಟುವಾಗ ಕುಡಿಯುವುದಿಲ್ಲ ಎಂದೇ ಅಮ್ಮ ನಂಬಿಸಿದ್ದಳು. ಆದರೆ ಅಮ್ಮನ ಸೊರಗಿದ ಮುಖ ನೋಡಿ ಅವಳು ಸುಮ್ಮನೆ ಬಿಡಲಿಲ್ಲ.

"ಅಮ್ಮ, ನೀನು ಯಾರನ್ನಾದರೂ ಕಾಣಬೇಕು."

"ನನಗೆ ಎಂತ ಆಗಿದೆ? ನಾನು ಕುಡಿಯುತ್ತೇನಾ?"

"ಕುಡಿಯುವುದು ಮಾವ, ಸೊರಗುವುದು ನೀನು. ಅವರನ್ನು ಬಿಟ್ಟು ನಿನಗೆ ಅಂತ ಒಂದು ಗಳಿಗೆ ಉಂಟಾ?"

ಹೀಗೆ ಶುರುವಾಯಿತು ಅವಳ ತಿರುಗಾಟ. ಮೊದಲು ಮಣಿಪಾಲದ ಒಬ್ಬ ಹುಡುಗ ಪ್ರಾಯದ ಕೌನ್ಸೆಲರ್. ಒಳ್ಳೆಯವನೇ, ಉತ್ತರದ ಕಡೆಯವ. ಅವನ ಇಂಗ್ಲಿಷನ್ನು ಆಶ್ರಿತಾ ಬಿಡಿಸಿ ಹೇಳಿದಳು. ಅಮ್ಮನದು ಕೋಡಿಪೆಂಡೆನ್ಸಿಯಂತೆ: ಇನ್ನೊಬ್ಬರ ಚಟಕ್ಕೆ ಹೆಗಲು ಕೊಡುತ್ತಾ ಕೊಡುತ್ತಾ ಅದನ್ನೇ ಬದುಕು ಮಾಡಿಕೊಳ್ಳುವುದು. ಹೆಸರು ಕೇಳಿದರೆ ಹಲ್ಲಿನ ಕಾಯಿಲೆಯ ಹಾಗುಂಟು, ಆದರೆ ಮಾತು ಅವಳಿಗೆ ತಾಗಿತು. ಅಷ್ಟರಲ್ಲಿ ಆ ಹುಡುಗ ಎಲ್ಲ ಕೆಡಿಸಿದ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಯಾಕೆ ಬಂದಿರಿ? ಅಲ್ಲೇ ತಪ್ಪಿದ್ದು. ಮೊದಲು ಬೇರೆ ಮನೆ ಮಾಡಿ, ಎಂದ.

ಅವಳಿಗೆ ಸಿಟ್ಟು ನೆತ್ತಿಗೇರಿತು. ತಮ್ಮನ ಮನೆಯಾ? ಅದು ಅವಳ ತಾಯಿಯ ಮನೆ, ಅಜ್ಜಿಯ ಮನೆ. ಅಳಿಯಕಟ್ಟಿನವರಲ್ಲಿ ಮನೆ ತಾಯಿಯಿಂದ ಮಗಳಿಗೆ, ಹೆಣ್ಣಿನ ಕಡೆಯಿಂದಲೇ ಇಳಿಯುವುದು. ತಮ್ಮ ಎಂದರೆ ಮಗಳಿಗೆ ಸೋದರಮಾವ, ನಾಳೆ ಅವಳ ಮದುವೆಯನ್ನು ಮುಂದೆ ನಿಂತು ನಡೆಸಬೇಕಾದವ. ಮೂರು ವರ್ಷದ ಆಶ್ರಿತಾಳನ್ನು ಹೆಗಲ ಮೇಲೆ ಹೊತ್ತು ತಂದವ ಅವನೇ. ಅಕ್ಕ ಒಬ್ಬಳೇ ಆಗುತ್ತಾಳೆಂದು ಕೈಗೆ ಬಂದ ದುಬೈ ಕೆಲಸ ಬಿಟ್ಟವನೂ ಅವನೇ. ಒಟ್ಟಿಗೆ ಇರುವುದನ್ನೇ ರೋಗ ಎನ್ನುವವನ ಹತ್ತಿರ ವ್ಯಾನಿನ ಸುದ್ದಿ ಹೇಗೆ ತೆಗೆಯುವುದು? ತೆಗೆಯಲಿಲ್ಲ.

"ಹಾಗಾದರೆ ನಮ್ಮವರೇ ಸಿಗಲಿ" ಎಂದು ಆಶ್ರಿತಾ ಅಂಬಲಪಾಡಿಯಲ್ಲಿ ಇನ್ನೊಬ್ಬ ಕೌನ್ಸೆಲರನ್ನು ಹುಡುಕಿದಳು. ತುಳು ಮಾತನಾಡುವ ಹೆಂಗಸು, ನಗುಮುಖ. ಕುರ್ಚಿ ತೋರಿಸುವ ಮೊದಲೇ ಕೇಳಿದ್ದು, "ಎಲ್ಲೂರಿನಲ್ಲಿ ನಿಮ್ಮದು ಯಾವ ಮನೆ?" ನಮ್ಮ ಊರಿನವರ ಬಾಯಿಗೆ ಆ ಪ್ರಶ್ನೆ ಬಾರದಿದ್ದರೆ ಊಟ ಮೈಗೆ ಹತ್ತುವುದಿಲ್ಲ, ಎಂತ ಮಾಡುವುದು! ಎರಡು ಮಾತಿನಲ್ಲಿ ಗುರುತು ಸಿಕ್ಕಿಯೇಬಿಟ್ಟಿತು. "ಓ, ವ್ಯಾನಿನ ವಿಠಲಣ್ಣನ ಅಕ್ಕನಾ? ನನ್ನ ನಾದಿನಿಯ ಮಕ್ಕಳು ಅವರ ವ್ಯಾನಿನಲ್ಲೇ ಹೋಗುವುದು! ಅವರ ಶುಗರ್ ಈಗ ಹೇಗುಂಟು?"

"ಪರವಾಗಿಲ್ಲ. ನನಗೆ ಸ್ವಲ್ಪ ನಿದ್ದೆ ಬರುವುದಿಲ್ಲ, ಅಷ್ಟೇ" ಎಂದು ಸ್ವರ್ಣಲತಾ ನಿಂತಲ್ಲಿಂದಲೇ ತಿರುಗಿ ಬಂದಳು. ಬಸ್ಸಿನಲ್ಲಿ ಮಗಳಿಗೆ ಹೇಳಿದಳು, "ನಮ್ಮನ್ನು ಅರಿಯದವರಿಗೆ ಹೇಳಿ ಪ್ರಯೋಜನ ಇಲ್ಲ, ಅರಿತವರಿಗೆ ಹೇಳಲಿಕ್ಕೆ ಧೈರ್ಯ ಇಲ್ಲ. ನನ್ನನ್ನು ನನ್ನಷ್ಟಕ್ಕೆ ಬಿಡು."

ಮಗಳು ಬಿಡಬೇಕಲ್ಲ. ಒಂದು ಭಾನುವಾರ ಕಾರ್ಕಳಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಆನ್ಸಿಲ್ಲಾ ಎಂಬ ಕೌನ್ಸೆಲರಮ್ಮ, ಮನೆಮಾತು ಕೊಂಕಣಿ; ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಪೂಜೆ ಮುಗಿಸಿ ಬಂದು ಮನೆಯ ಎದುರಿನ ಕೋಣೆಯಲ್ಲಿ ಜನರನ್ನು ಕಾಣುತ್ತಾರೆ. ತುಳು ಹುಟ್ಟಿದಾರಭ್ಯ ಆಡಿದ ಹಾಗೆ ಆಡುತ್ತಾರೆ. ಮಾವನ ಕುಡಿತ, ಅಳಿಯಕಟ್ಟಿನ ಮನೆ ಎಂದಷ್ಟನ್ನು ಫೋನಿನಲ್ಲೇ ಹೇಳಿಟ್ಟಿದ್ದ ಆಶ್ರಿತಾಳನ್ನು ಹೊರಗೆ ಕೂರಿಸಿ ಬಾಗಿಲು ಮುಚ್ಚಿದರು.

"ನಿಮ್ಮದು ಯಾವ ಮನೆ ಎಂದು ನಾನು ಕೇಳುವುದಿಲ್ಲ" ಎಂದರು. "ಇಲ್ಲಿ ಹೇಳಿದ್ದು ಇಲ್ಲಿಂದ ಹೊರಗೆ ಹೋಗುವುದಿಲ್ಲ. ಒಂದು ಮಾತ್ರ ಮೊದಲೇ ಹೇಳುತ್ತೇನೆ: ಯಾರದ್ದಾದರೂ ಜೀವಕ್ಕೆ ಅಪಾಯ ಉಂಟು ಎಂದು ಗೊತ್ತಾದರೆ ನಾನು ಸುಮ್ಮನೆ ಕೂರುವುದಿಲ್ಲ. ಒಪ್ಪಿಗೆಯಾ?"

ಸ್ವರ್ಣಲತಾ ತಲೆ ಆಡಿಸಿದಳು, ಅರ್ಧ ಕೇಳಿಸಿಕೊಂಡು. ಅವಳ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. "ತಮ್ಮನನ್ನು ಬಿಡಬೇಕೆಂದು ನೀವೂ ಹೇಳುತ್ತೀರಾ, ಮೇಡಂ?"

"ಅಳಿಯಕಟ್ಟಿನ ಮನೆಯಲ್ಲಿ ಅಕ್ಕ ತಮ್ಮನನ್ನು ಎಲ್ಲಿಗೆ ಬಿಡುವುದು? ಬಿಡುವುದು ಬೇಡ. ಮಗಳ ಮದುವೆಗೆ ಮಾವ ನಿಲ್ಲಬೇಕಲ್ಲ. ಅವರು ಸ್ವಂತ ಕಾಲಿನಲ್ಲಿ ನಿಲ್ಲುವ ಹಾಗೆ ಎಂತ ಮಾಡುವುದು, ಅದನ್ನು ಮಾತನಾಡುವ."

ಅಷ್ಟು ಕೇಳಿದ್ದೇ ತಡ, ವರ್ಷಗಟ್ಟಲೆ ಹಿಡಿದಿಟ್ಟ ಅಳು ಒಡೆದು ಬಂತು. ಹೆಗಲು, ದುಬೈ, ಮನೆಯ ಮರ್ಯಾದೆ, ಎಲ್ಲ ಹೇಳಿದಳು. ಆನ್ಸಿಲ್ಲಾ ಕೊನೆಗೆ ಮೆಲ್ಲಗೆ ಕೇಳಿದರು, "ಬೆಳಿಗ್ಗೆ ಎದ್ದರೆ ನೀವು ಎಂತೆಂತ ಮಾಡುತ್ತೀರಿ?"

ಅಡುಗೆ ಎಂದು ಹೇಳಿದರೆ ಮುಗಿಯಿತು. ಬಾಯಿ ತೆರೆದದ್ದೂ ಅದಕ್ಕೇ. ಆದರೆ ಹೊರಗೆ ಬಿದ್ದದ್ದು ಬೇರೆ: ಮಜ್ಜಿಗೆ, ಲವಂಗ, ಮೀನಿನ ಲಾರಿ, ಮಕ್ಕಳ ಚಪ್ಪಾಳೆ.

ಆನ್ಸಿಲ್ಲಾ ಗೋಡೆಯ ಕ್ಯಾಲೆಂಡರು ನೋಡಿದರು. "ನಾಳೆ ಶಾಲೆ ಉಂಟು, ಅಲ್ವಾ?" ಎಂದರು.

"ನಾನು ಪಕ್ಕದಲ್ಲೇ ಇರುತ್ತೇನಲ್ಲ ಮೇಡಂ."

"ನೀವು ಪಕ್ಕದಲ್ಲಿ ಇರುವುದರಿಂದಲೇ ಆ ವ್ಯಾನು ಹೊರಡುವುದು, ಸ್ವರ್ಣಲತಾ. ನೀವು ಮಜ್ಜಿಗೆ ಕುಡಿಸಿ ಎಬ್ಬಿಸದಿದ್ದರೆ ಅವರು ಸ್ಟಿಯರಿಂಗ್ ಹಿಡಿಯುತ್ತಿದ್ದರಾ?"

ಆನ್ಸಿಲ್ಲಾ ಒಂದು ಚೀಟಿಯಲ್ಲಿ ತಮ್ಮ ನಂಬರು ಬರೆದು ಅವಳ ಕೈಗೆ ಕೊಟ್ಟರು.

"ನಾಳೆ ಅವರು ಓಡಿಸಬಾರದು. ಶಾಲೆಗೆ, ಮಕ್ಕಳ ಮನೆಯವರಿಗೆ ನೀವೇ ಹೇಳಬೇಕು. ಬೆಳಿಗ್ಗೆ ಏಳಕ್ಕೆ ನನಗೆ ಫೋನ್ ಬಾರದಿದ್ದರೆ ಶಾಲೆಗೆ ನಾನು ಹೇಳುತ್ತೇನೆ. ತಮ್ಮನ ಚಿಕಿತ್ಸೆಗೆ ಎಲ್ಲಿಗೆ ಹೋಗುವುದು, ನಿಮ್ಮ ಜೊತೆ ಯಾರು ಇರುವುದು, ಅದೆಲ್ಲ ನಾನು ನೋಡುತ್ತೇನೆ. ನಿಮ್ಮನ್ನು ನಡುನೀರಿನಲ್ಲಿ ಕೈಬಿಡುವವಳಲ್ಲ ನಾನು."

"ಹೊರಗೆ ಹೋಗುವುದಿಲ್ಲ ಎಂದು ಹೇಳಿದ್ದಿರಿ!" ಸ್ವರ್ಣಲತಾ ಕೂಗಿಯೇ ಬಿಟ್ಟಳು.

"ಇನ್ನೊಂದು ಮಾತನ್ನೂ ಹೇಳಿದ್ದೆ."

ಮಗಳಿಗೆ ಏನೂ ಹೇಳದೆ ಮಣಿಪಾಲದ ಬಸ್ಸು ಹತ್ತಿಸಿ, ಸಂಜೆಯೆಲ್ಲ ಅವಳು ಮನೆಯಲ್ಲಿ ಫೋನು ಕೈಯಲ್ಲಿ ಹಿಡಿದು ಕೂತಳು. ನಾಳೆ ಅವ ಕುಡಿಯದೆ ಇದ್ದರೆ? ಒಂದು ದಿನ ನೋಡುವ ಎಂದುಕೊಂಡಳು. ಆಸೆ ನೋಡಿ ಮನುಷ್ಯರದ್ದು!

ಬೆಳಿಗ್ಗೆ ವಾಸನೆ ಬಾಗಿಲಿಗೇ ಹೊಡೆಯಿತು. ಚಹಾ ಅವಳ ಕೈಯಲ್ಲೇ ಉಳಿಯಿತು. ಮಜ್ಜಿಗೆ ಮಾಡಲಿಲ್ಲ, ನೀರು ಹೊಯ್ಯಲಿಲ್ಲ. ವ್ಯಾನಿನ ಬೀಗದ ಕೈಯನ್ನು ಮೊಳೆಯಿಂದ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರ್ಕಳಕ್ಕೆ ಫೋನ್ ಮಾಡಿ "ಬೀಗದ ಕೈ ನನ್ನ ಹತ್ತಿರ ಉಂಟು" ಎಂದಷ್ಟೇ ಹೇಳಿದಳು. ವಿಠಲ ತಾನಾಗಿ ಎದ್ದಾಗ ಹೊತ್ತು ಮೀರಿತ್ತು. ಗೋಡೆ ಹಿಡಿದುಕೊಂಡು ಅಂಗಳಕ್ಕೆ ಇಳಿದ.

"ಅಕ್ಕ, ಕೀ ಎಲ್ಲಿ? ತಡ ಆಯಿತು, ವ್ಯಾನು ಹತ್ತು."

"ಇವತ್ತು ವ್ಯಾನು ಇಲ್ಲ ವಿಠಲ."

"ಮರುಳು ಮಾತಾಡಬೇಡ. ಮಕ್ಕಳು ಕಾಯುತ್ತಾರೆ." ಅವ ಕೈ ಚಾಚಿ ಮುಂದೆ ಬಂದ. ಅವಳು ಹಿಂದೆ ಸರಿಯಲಿಲ್ಲ. ಅವನ ಕೈ ಅವಳ ತೋಳು ಹಿಡಿಯಿತು, ಹಿಡಿತ ಬಿಗಿಯಾಯಿತು. ಇಷ್ಟು ವರ್ಷದಲ್ಲಿ ಅವ ಅಕ್ಕನ ಮೈಮೇಲೆ ಕೈ ಹಾಕಿದ್ದು ಅದೇ ಮೊದಲು. ಇಬ್ಬರೂ ಹೆದರಿದರು.

ಆಗ ಗೇಟು ಕಿರುಗುಟ್ಟಿತು. ಆಚೆ ತಿರುವಿನ ಮನೆಯ ಝೀಟಾ, ಐದು ವರ್ಷದ ಮಗಳು ರೇಚಲಳ ಕೈ ಹಿಡಿದುಕೊಂಡು ಬಂದಿದ್ದಳು. "ಎಂತ ಸ್ವರ್ಣಕ್ಕ, ವ್ಯಾನು ಕಾಣಲಿಲ್ಲ?"

ವಿಠಲ ಕೈ ಬಿಟ್ಟ. ಹಲ್ಲಿನ ಸಂದಿಯಲ್ಲಿ ಮೆಲ್ಲಗೆ, "ಶುಗರ್ ಅಂತ ಹೇಳು ಅಕ್ಕ. ನಿನ್ನ ಕಾಲು ಹಿಡಿಯುತ್ತೇನೆ."

ನಾಲಗೆಯ ತುದಿಗೆ ಬಂದಿತ್ತು ಆ ಮಾತು. ಹೇಳಿದರೆ ಇವತ್ತೊಂದು ದಿನ ದಾಟುತ್ತದೆ. ರೇಚಲ್ ಆಗಲೇ ವ್ಯಾನಿನ ಬಾಗಿಲಿಗೆ ಕೈ ಹಾಕಿ, ಎಳೆದು, ತೆರೆಯದೆ ನಗುತ್ತಿದ್ದಳು.

"ಅವನಿಗೆ ಶುಗರ್ ಇಲ್ಲ ಝೀಟಾ" ಎಂದಳು ಸ್ವರ್ಣಲತಾ. "ಕುಡಿದಿದ್ದಾನೆ. ದಿನಾ ಕುಡಿಯುತ್ತಾನೆ. ಕುಡಿದೇ ಓಡಿಸುವುದು."

ಝೀಟಾಳಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಮಗಳನ್ನು ಎಳೆದು ಸೊಂಟಕ್ಕೆ ಎತ್ತಿಕೊಂಡಳು. ಅವಳು ನೋಡಿದ್ದು ವಿಠಲನನ್ನಲ್ಲ.

"ನಿಮಗೆ ಗೊತ್ತಿತ್ತಾ? ಗೊತ್ತಿದ್ದೂ ನನ್ನ ಮಗುವನ್ನು ಹತ್ತಿಸಿಕೊಂಡಿರಾ? ಸ್ವರ್ಣಕ್ಕ ಇದ್ದಾರೆ ಎಂಬ ಧೈರ್ಯದಲ್ಲಿ ನಾನು ಕಳಿಸಿದ್ದು!"

"ಗೊತ್ತಿತ್ತು" ಎಂದಳು.

ಹಿಂದೆ ವಿಠಲ ಮೆಟ್ಟಿಲ ಮೇಲೆ ಕುಸಿದು ಬಿಕ್ಕುತ್ತಿದ್ದ. "ಅಕ್ಕಾ" ಎಂದು ಕರೆದ, ಮತ್ತೆ ಕರೆದ. ಅವಳ ಕಾಲು ಆ ಕಡೆಗೇ ಹೊರಟಿತು, ಗಟ್ಟಿ ಊರಿ ನಿಲ್ಲಿಸಿದಳು.

"ಉಳಿದ ತಾಯಂದಿರಿಗೆ, ಆಮೇಲೆ ಶಾಲೆಗೆ ಫೋನ್ ಹಚ್ಚು ಝೀಟಾ" ಎಂದಳು. "ಹಚ್ಚಿ ನನ್ನ ಕೈಗೆ ಕೊಡು. ಒಬ್ಬೊಬ್ಬರಿಗೂ ನಾನೇ ಹೇಳುತ್ತೇನೆ."